ಬಡ್ಡಿಯಲ್ಲಿ ವಿಮೆ ಕೊಳ್ಳಿ, ಅಸಲನ್ನು ಅಡವಿಡಬೇಡಿ

ಹೋದ ಸಂಕ್ರಾಂತಿಗೆ ಮೈಸೂರಿಗೆ ಹೋಗಿದ್ದಾಗ ಸೋದರಮಾವ ಎಳ್ಳುಬೆಲ್ಲದ ಜೊತೆಗೆ ಒಂದು ಹಾಳೆಯನ್ನೂ ನನ್ನ ಮುಂದಿಟ್ಟರು. ಅವರು ಹೈಸ್ಕೂಲು ಮುಖ್ಯೋಪಾಧ್ಯಾಯರಾಗಿ ನಿವೃತ್ತರಾಗಿ ಎಂಟು ತಿಂಗಳಾಗಿತ್ತು. ಗ್ರ್ಯಾಚುಯಿಟಿ, ಕಮ್ಯುಟೇಶನ್, ರಜೆ ನಗದೀಕರಣ ಎಲ್ಲ ಸೇರಿ ಬಂದ 42 ಲಕ್ಷ ರೂಪಾಯಿ ಉಳಿತಾಯ ಖಾತೆಯಲ್ಲೇ ಕೂತಿತ್ತು. ಪರಿಚಯದ ಹುಡುಗನೊಬ್ಬ ಬಂದು ಬರೆದುಕೊಟ್ಟ ಹಾಳೆ ಅದು. ನೀಲಿ ಪೆನ್ನಿನಲ್ಲಿ ಒಂದು ಚೌಕ, ಅದರೊಳಗೆ ‘ಸರ್ಕಾರಿ ಬಾಂಡ್ 20 ಲಕ್ಷ, 7%’. ಚೌಕದಿಂದ ಬಲಕ್ಕೊಂದು ಬಾಣ, ಬಾಣದ ತುದಿಯಲ್ಲಿ ‘ಪ್ಲೆಡ್ಜ್, ಆಪ್ಷನ್ ಸೆಲ್ಲಿಂಗ್, ತಿಂಗಳಿಗೆ 2%’. ಕೆಳಗೆ ಎರಡು ಗೆರೆ ಎಳೆದು ‘ಡಬಲ್ ಇನ್‌ಕಮ್’.

“ದುಡ್ಡು ಸರ್ಕಾರದ ಹತ್ರಾನೇ ಇರುತ್ತಂತೆ. ಬಾಂಡನ್ನ ಬರೀ ಅಡಮಾನಕ್ಕೆ ತೋರಿಸೋದಂತೆ. ಇದರಲ್ಲಿ ತಪ್ಪೇನಿದೆ ಹೇಳು,” ಅಂದರು ಮಾವ.

ಬಾಂಡ್ ಅಡವಿಡಬಹುದು ಎನ್ನುವುದು ನಿಜ. ಆಪ್ಷನ್ ಮಾರಿದರೆ ಆ ಕ್ಷಣಕ್ಕೆ ಹಣ ಕೈಸೇರುತ್ತದೆ ಎನ್ನುವುದೂ ನಿಜ. ತಪ್ಪಿದ್ದದ್ದು ಬಾಣದಲ್ಲಿ. ಬಾಂಡ್ ಮತ್ತು ಡೆರಿವೇಟಿವ್ (ಆಪ್ಷನ್ ಅದರ ಒಂದು ಬಗೆ), ಎರಡನ್ನೂ ನಷ್ಟಕ್ಕೆ ಬೇಲಿ ಹಾಕಲು ಬಳಸಬಹುದು. ಬಾಂಡಿನ ಬಡ್ಡಿಯಿಂದ ಆಪ್ಷನ್ ಕೊಂಡರೆ ಅಸಲು ಬೇಲಿಯ ಒಳಗೆ ಉಳಿಯುತ್ತದೆ. ಬಾಂಡನ್ನೇ ಅಡವಿಟ್ಟು ಆಪ್ಷನ್ ಮಾರಿದರೆ ಅಸಲೇ ಬೇಲಿಯಾಗುತ್ತದೆ, ಅದೂ ಬೇರೆ ಯಾರದೋ ಹೊಲಕ್ಕೆ. ಇದನ್ನು ಮಾವನಿಗೆ ಅರ್ಥ ಮಾಡಿಸಲು ನನಗೆ ಒಂದು ಮಧ್ಯಾಹ್ನ ಹಿಡಿಯಿತು. ಅವತ್ತು ಆ ಹಾಳೆಯ ಹಿಂಬದಿಯಲ್ಲಿ ಹಾಕಿದ ಲೆಕ್ಕಗಳನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಬಾಂಡ್. ಸರ್ಕಾರಕ್ಕೋ ಕಂಪನಿಗೋ ನೀವು ಕೊಡುವ ಸಾಲಕ್ಕೆ ಸಿಗುವ ಪತ್ರ ಅದು. ಇಷ್ಟು ವರ್ಷ ಇಷ್ಟು ಬಡ್ಡಿ, ಕೊನೆಗೆ ಅಸಲು. ಸರ್ಕಾರಿ ಬಾಂಡಿನಲ್ಲಿ ಅಸಲು ಮುಳುಗುವ ಭಯ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದಲೇ ಜನ ಅದಕ್ಕೆ ಅಪಾಯವೇ ಇಲ್ಲ ಎಂದುಕೊಳ್ಳುತ್ತಾರೆ. ಇದೆ. ಶೇ 7 ಬಡ್ಡಿಯ ಒಂದು ಲಕ್ಷದ ಬಾಂಡನ್ನು ಇವತ್ತು ಕೊಂಡಿರಿ, ನಾಳೆ ಮಾರುಕಟ್ಟೆಯಲ್ಲಿ ಅದೇ ಥರದ ಹೊಸ ಬಾಂಡ್ ಶೇ 8ಕ್ಕೆ ಸಿಗತೊಡಗಿತು ಎಂದುಕೊಳ್ಳಿ. ನಿಮ್ಮ ಹಳೆಯ ಬಾಂಡನ್ನು ಪೂರ್ತಿ ಬೆಲೆಗೆ ಯಾರು ಕೊಳ್ಳುತ್ತಾರೆ? ಬೆಲೆ ಇಳಿಸಲೇಬೇಕು. ಎಷ್ಟು ಇಳಿಸಬೇಕು ಎನ್ನುವುದು ಬಾಂಡಿಗೆ ಇನ್ನೆಷ್ಟು ಆಯುಷ್ಯ ಇದೆ ಎನ್ನುವುದರ ಮೇಲೆ ನಿಂತಿದೆ. ಎರಡು ವರ್ಷ ಉಳಿದಿದ್ದರೆ ಒಂದು ಲಕ್ಷದ ಬಾಂಡು ಸುಮಾರು ₹98,200ಕ್ಕೆ ಹೋಗುತ್ತದೆ. ಹತ್ತು ವರ್ಷ ಉಳಿದಿದ್ದರೆ ₹93,200. ಮೂವತ್ತು ವರ್ಷದ್ದಾದರೆ ₹88,700. ಬಡ್ಡಿ ಏರಿದ್ದು ಎಲ್ಲಕ್ಕೂ ಶೇ 1 ಮಾತ್ರ.

ಈ ಬೆಲೆ ಇಳಿತ ಅವಧಿಯ ಕೊನೆಯವರೆಗೆ ಕಾಯುವವನನ್ನು ಏನೂ ಮಾಡುವುದಿಲ್ಲ, ಅವನಿಗೆ ಪೂರ್ತಿ ಒಂದು ಲಕ್ಷ ಬಂದೇ ಬರುತ್ತದೆ. ಪೆಟ್ಟು ಬೀಳುವುದು ನಡುವೆ ಮಾರಬೇಕಾಗಿ ಬಂದವನಿಗೆ. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಬಿದ್ದದ್ದು ಹೀಗೆಯೇ. ಅದು ಕೊಂಡಿದ್ದದ್ದು ಹೆಚ್ಚಾಗಿ ಸರ್ಕಾರಿ ಬಾಂಡುಗಳು ಮತ್ತು ಸರ್ಕಾರದ ಬೆಂಬಲವಿದ್ದ ಗೃಹಸಾಲದ ಬಾಂಡುಗಳು. ಒಂದೂ ದಿವಾಳಿಯಾಗುವಂಥದ್ದಲ್ಲ. ಆದರೆ ಅವು ದೀರ್ಘಾವಧಿಯವು, ಗ್ರಾಹಕರ ಠೇವಣಿಯೋ ಯಾವ ಗಳಿಗೆಯಲ್ಲಾದರೂ ವಾಪಸು ಕೇಳಬಹುದಾದದ್ದು. 2022ರಲ್ಲಿ ಬಡ್ಡಿದರ ಸರಸರನೆ ಏರಿತು. 2023ರ ಮಾರ್ಚ್‌ನಲ್ಲಿ ಬ್ಯಾಂಕ್ ಸುಮಾರು 2,100 ಕೋಟಿ ಡಾಲರ್ ಮೌಲ್ಯದ ಬಾಂಡುಗಳನ್ನು ಮಾರಿ 180 ಕೋಟಿ ಡಾಲರ್ ನಷ್ಟ ತೋರಿಸಿತು. ಸುದ್ದಿ ಹರಡಿ ಠೇವಣಿದಾರರು ಮುಗಿಬಿದ್ದರು, ಮಾರ್ಚ್ 10ರಂದು ಬ್ಯಾಂಕ್ ಮುಚ್ಚಿತು. ಬಡ್ಡಿ ಏರಿದರೆ ರಕ್ಷಣೆ ಕೊಡಬೇಕಾಗಿದ್ದ ಡೆರಿವೇಟಿವ್ ಒಪ್ಪಂದಗಳನ್ನು ಅದು ಮೊದಲೇ ಕಳಚಿಹಾಕಿತ್ತು ಎಂದು ಅಮೆರಿಕದ ಕೇಂದ್ರ ಬ್ಯಾಂಕಿನ ವಿಚಾರಣೆ ಆಮೇಲೆ ಹೇಳಿತು. ಲಾಭ ಹೆಚ್ಚಿಸಲು ವಿಮೆಯನ್ನು ರದ್ದು ಮಾಡಿದಂತೆ.

ಒಂದು ಮನೆಗೂ ಇದೇ ಲೆಕ್ಕ. ಬಾಂಡ್ ಎಷ್ಟು ಬಡ್ಡಿ ಕೊಡುತ್ತದೆ ಎಂದು ಕೇಳುವ ಮೊದಲು, ಈ ದುಡ್ಡು ಯಾವ ತಿಂಗಳಲ್ಲಿ ಬೇಕು ಎಂದು ಕೇಳಬೇಕು.

ಮಾವನನ್ನು ಹಾಗೆಯೇ ಕೇಳಿದೆ. ಅವರಿಗಿಂತ ಮೊದಲು ಅತ್ತೆ ಅಡುಗೆಮನೆಯಿಂದಲೇ ಉತ್ತರ ಕೊಟ್ಟರು: “ಮಳೆಗಾಲದ ಒಳಗೆ ತಾರಸಿ ರಿಪೇರಿ ಆಗಲೇಬೇಕು. ಎರಡು ವರ್ಷಕ್ಕೆ ಇವಳ ಮದುವೆ.” ತಾರಸಿಗೆ ನಾಲ್ಕು ಲಕ್ಷ, ಮಗಳ ಮದುವೆಗೆ ಹನ್ನೆರಡು ಲಕ್ಷ. ಆಸ್ಪತ್ರೆಗೆಂದು ಮೂರು ಲಕ್ಷ ಕೈಗೆಟಕುವ ಹಾಗೆ ಇರಬೇಕು. ಪಿಂಚಣಿಯ ಮೇಲೆ ತಿಂಗಳಿಗೆ ಇನ್ನಷ್ಟು ಬೇಕು. ಇಷ್ಟು ಹೇಳಿದ ಮೇಲೆ ಹಣ ತಾನಾಗಿ ಪಾಲಾಯಿತು. ತಾರಸಿಯ ನಾಲ್ಕು ಲಕ್ಷಕ್ಕೆ 91 ದಿನದ ಟ್ರೆಶರಿ ಬಿಲ್, ಅಂದರೆ ಸರ್ಕಾರದ ಅಲ್ಪಾವಧಿ ಸಾಲಪತ್ರ. ಮದುವೆಯ ಹಣದಲ್ಲಿ ಅರ್ಧಕ್ಕೆ 364 ದಿನದ ಬಿಲ್, ಇನ್ನರ್ಧಕ್ಕೆ ಎರಡು ವರ್ಷದ ಆಸುಪಾಸಿನಲ್ಲಿ ತೀರುವ ಸರ್ಕಾರಿ ಬಾಂಡ್. ಮಾಸಿಕ ಖರ್ಚಿಗೆ ಒತ್ತಾಸೆಯಾಗಿ ಇಪ್ಪತ್ತು ಲಕ್ಷ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ. 2023ರ ಏಪ್ರಿಲ್‌ನಿಂದ ಇದರ ಮಿತಿ 30 ಲಕ್ಷ, ಬಡ್ಡಿ ಮೂರು ತಿಂಗಳಿಗೊಮ್ಮೆ ಬರುತ್ತದೆ. ಆಸ್ಪತ್ರೆಯ ಮೂರು ಲಕ್ಷ ಉಳಿತಾಯ ಖಾತೆಯಲ್ಲೇ. ಕೊನೆಯ ಮೂರು ಲಕ್ಷ ರಿಸರ್ವ್ ಬ್ಯಾಂಕಿನ ಫ್ಲೋಟಿಂಗ್ ರೇಟ್ ಸೇವಿಂಗ್ಸ್ ಬಾಂಡಿಗೆ. ಏಳು ವರ್ಷದ ಈ ಬಾಂಡಿನ ಬಡ್ಡಿ ರಾಷ್ಟ್ರೀಯ ಉಳಿತಾಯ ಪತ್ರದ ದರಕ್ಕಿಂತ ಶೇ 0.35 ಹೆಚ್ಚು, ಪ್ರತಿ ಜನವರಿ 1 ಮತ್ತು ಜುಲೈ 1ಕ್ಕೆ ಹೊಸದಾಗಿ ನಿಗದಿಯಾಗುತ್ತದೆ. ಪೇಟೆಯಲ್ಲಿ ಬಡ್ಡಿ ಏರಿದರೆ ಇದರದೂ ಏರುತ್ತದೆ. ಇದನ್ನು ಮಾರುವಂತಿಲ್ಲ, ಇದರ ಮೇಲೆ ಸಾಲ ಎತ್ತುವಂತಿಲ್ಲ. ಜನ ಇದನ್ನು ಕೊರತೆ ಎನ್ನುತ್ತಾರೆ. ಆ ಹಾಳೆ ನೋಡಿದ ಮೇಲೆ ನನಗೆ ಅದು ದೊಡ್ಡ ಗುಣವಾಗಿ ಕಂಡಿತು.

ಹೀಗೆ ಬೇರೆ ಬೇರೆ ತಾರೀಖಿಗೆ ಹಣ ಕೈಗೆ ಬರುವಂತೆ ಜೋಡಿಸುವುದಕ್ಕೆ ಪೇಟೆಯಲ್ಲಿ ಲ್ಯಾಡರ್ ಎನ್ನುತ್ತಾರೆ, ಏಣಿ. ಬಡ್ಡಿ ಏರಿದರೆ ಬೇಗ ತೀರಿದ ಮೆಟ್ಟಿಲಿನ ಹಣವನ್ನು ಹೊಸ ದರಕ್ಕೆ ಹಾಕಬಹುದು, ಇಳಿದರೆ ದೂರದ ಮೆಟ್ಟಿಲು ಹಳೆಯ ದರವನ್ನು ಹಿಡಿದುಕೊಂಡಿರುತ್ತದೆ.

ಸರ್ಕಾರಿ ಬಾಂಡ್ ಕೊಳ್ಳಲು ಈಗ ಮಧ್ಯವರ್ತಿ ಬೇಕಿಲ್ಲ. 2021ರ ನವೆಂಬರ್ 12ರಿಂದ ಆರ್‌ಬಿಐ ರೀಟೇಲ್ ಡೈರೆಕ್ಟ್ ಇದೆ. ಪ್ಯಾನ್, ಉಳಿತಾಯ ಖಾತೆ, ಕೆವೈಸಿ ದಾಖಲೆ, ಮೊಬೈಲ್, ಇಮೇಲ್ ಇದ್ದರೆ ಖಾತೆ ಉಚಿತ. ಕನಿಷ್ಠ ಹತ್ತು ಸಾವಿರ ರೂಪಾಯಿ. ವಾಡಿಕೆಯಂತೆ ಮಂಗಳವಾರ ರಾಜ್ಯ ಸರ್ಕಾರಗಳ ಬಾಂಡ್ ಹರಾಜು, ಕರ್ನಾಟಕ ಸರ್ಕಾರವೂ ಅಲ್ಲೇ ಸಾಲ ಎತ್ತುತ್ತದೆ. ಬುಧವಾರ ಟ್ರೆಶರಿ ಬಿಲ್, ಶುಕ್ರವಾರ ಕೇಂದ್ರದ ದೀರ್ಘಾವಧಿ ಬಾಂಡ್. ನೀವು ಬೆಲೆ ಕೂಗಬೇಕಾಗಿಲ್ಲ, ದೊಡ್ಡ ಬ್ಯಾಂಕುಗಳು ಕೂಗಿದ ಬೆಲೆಯ ಸರಾಸರಿಗೆ ನಿಮಗೂ ಸಿಗುತ್ತದೆ. ಒಂದು ಎಚ್ಚರ: ಅವಧಿಗೆ ಮುನ್ನ ಮಾರಲು ಹೊರಟರೆ ಸಣ್ಣ ಮೊತ್ತಕ್ಕೆ ಗಿರಾಕಿ ಸಿಗುವುದು ಕಷ್ಟ. ತಾರೀಖು ನೋಡಿ ಕೊಳ್ಳಿ ಎಂದು ನಾನು ಮತ್ತೆ ಮತ್ತೆ ಹೇಳುವುದು ಅದಕ್ಕೇ. ಹೀಗೆ ಹರಾಜಿನಲ್ಲಿ ಕೊಂಡ ಬಾಂಡಿನ ಬಡ್ಡಿಗೆ ಮೂಲದಲ್ಲಿ ತೆರಿಗೆ ಹಿಡಿಯುವುದಿಲ್ಲವೆಂದು ಮರೆಯಬಾರದು, ರಿಟರ್ನ್ಸ್‌ನಲ್ಲಿ ನಾವೇ ತೋರಿಸಬೇಕು.

ಕಂಪನಿ ಬಾಂಡುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹೆಚ್ಚು ಬಡ್ಡಿ ಎಂದರೆ ಹೆಚ್ಚು ಅನುಮಾನ, ಇದರಾಚೆ ಅಲ್ಲಿ ದೊಡ್ಡ ಗುಟ್ಟಿಲ್ಲ. ಐಎಲ್ ಅಂಡ್ ಎಫ್‌ಎಸ್ ಕಂಪನಿಗೆ 2018ರ ಮಧ್ಯದವರೆಗೂ ಟ್ರಿಪಲ್ ಎ ರೇಟಿಂಗ್ ಇತ್ತು; ಸೆಪ್ಟೆಂಬರ್‌ನಲ್ಲಿ ಅದು ‘ಡಿ’ಗೆ, ಅಂದರೆ ಬಾಕಿದಾರನ ದರ್ಜೆಗೆ ಬಿತ್ತು. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿನ ₹8,415 ಕೋಟಿಯ ಎಟಿ-1 ಬಾಂಡುಗಳನ್ನು ಸೊನ್ನೆ ಎಂದು ಬರೆದುಹಾಕಲಾಯಿತು. ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು. ಎಟಿ-1 ಎಂದರೆ ಬ್ಯಾಂಕ್ ಕಷ್ಟಕ್ಕೆ ಸಿಕ್ಕಾಗ ಅಸಲನ್ನೇ ಅಳಿಸಿಹಾಕಬಹುದಾದ, ತೀರಿಸುವ ತಾರೀಖೇ ಇಲ್ಲದ ಬಾಂಡ್. ಹೆಸರಿನಲ್ಲಿ ‘ಪರ್ಪೆಚುಯಲ್’ ಎಂಬ ಪದ ಕಂಡರೆ ನಿವೃತ್ತಿಯ ಹಣ ಇಡುವವರು ಎದ್ದು ಬರುವುದು ಒಳ್ಳೆಯದು.

ಈಗ ಬಾಣದ ಇನ್ನೊಂದು ತುದಿಗೆ ಹೋಗೋಣ. ಡೆರಿವೇಟಿವ್ ಎಂದರೆ ಗಾಬರಿಯಾಗಬೇಕಿಲ್ಲ, ನಮ್ಮ ಊರುಗಳಿಗೆ ಅದು ಹಳೆಯದು. ಶ್ರೀನಿವಾಸಪುರ, ರಾಮನಗರದ ಕಡೆ ಮಾವು ಹೂ ಬಿಟ್ಟಾಗಲೇ ತೋಪನ್ನು ವ್ಯಾಪಾರಿಗೆ ಗುತ್ತಿಗೆ ಕೊಡುತ್ತಾರೆ. ಬೆಲೆ ಮಾತಾಗಿರುತ್ತದೆ. ಹಣ್ಣಿನ ದರ ಬಿದ್ದರೆ ರೈತ ಬಚಾವು, ಏರಿದರೆ ಲಾಭ ವ್ಯಾಪಾರಿಯದು. ಇಬ್ಬರೂ ಮಾತಿಗೆ ಕಟ್ಟುಬಿದ್ದಿರುತ್ತಾರೆ. ಫ್ಯೂಚರ್ಸ್ ಎಂದರೆ ಇದೇ ಮಾತು, ಎಕ್ಸ್‌ಚೇಂಜಿನಲ್ಲಿ ಆಡುವುದು. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಅರೇಬಿಕಾಕ್ಕೆ ನ್ಯೂಯಾರ್ಕಿನ, ರೊಬಸ್ಟಾಕ್ಕೆ ಲಂಡನ್ನಿನ ದರ ನೋಡುವುದು ಅಲ್ಲಿನ ಫ್ಯೂಚರ್ಸ್ ಪೇಟೆಯ ದರವನ್ನೇ. ಆಪ್ಷನ್ ಬೇರೆ. ಅದು ಸೈಟಿಗೆ ಅಡ್ವಾನ್ಸ್ ಕೊಟ್ಟು ಮೂರು ತಿಂಗಳ ಕರಾರು ಮಾಡಿಕೊಂಡ ಹಾಗೆ. ಬೇಡವೆನಿಸಿದರೆ ಅಡ್ವಾನ್ಸ್ ಬಿಟ್ಟು ಬರಬಹುದು, ನಷ್ಟ ಅಷ್ಟಕ್ಕೇ ನಿಲ್ಲುತ್ತದೆ. ಆದರೆ ಅಡ್ವಾನ್ಸ್ ಇಸಕೊಂಡವನಿಗೆ ಆ ಸ್ವಾತಂತ್ರ್ಯವಿಲ್ಲ. ಕೊಟ್ಟವನು ಬಂದು ಕೇಳಿದರೆ, ಸೈಟಿನ ಬೆಲೆ ಎಲ್ಲಿಗೇ ಹೋಗಿರಲಿ, ಆಡಿದ ಬೆಲೆಗೆ ಬರೆದುಕೊಡಲೇಬೇಕು. ಆಪ್ಷನ್ ಕೊಳ್ಳುವವನಿಗೂ ಮಾರುವವನಿಗೂ ಇರುವ ವ್ಯತ್ಯಾಸ ಪೂರ್ತಿ ಇಲ್ಲಿದೆ.

ಅಂಕಿಯಲ್ಲಿ ನೋಡಿ. ಷೇರು ಸೂಚ್ಯಂಕ ನಿಫ್ಟಿ 25,000ದಲ್ಲಿದೆ, ಒಂದು ಲಾಟ್, ಅಂದರೆ ಒಮ್ಮೆಗೆ ವ್ಯವಹರಿಸಬೇಕಾದ ಕನಿಷ್ಠ ಗಾತ್ರ, 75 ಎಂದುಕೊಳ್ಳೋಣ. ಈ ಗಾತ್ರ ಆಗಾಗ ಬದಲಾಗುತ್ತದೆ. ಒಂದು ಲಾಟಿನ ಮೌಲ್ಯ ₹18.75 ಲಕ್ಷ. ನಿಮ್ಮ ಬಳಿ ಅಷ್ಟೇ ಮೊತ್ತದ ನಿಫ್ಟಿ ಇಂಡೆಕ್ಸ್ ಫಂಡ್ ಇದೆ. ಮೂರು ತಿಂಗಳಲ್ಲಿ ನಿಫ್ಟಿ 23,750ಕ್ಕಿಂತ ಕೆಳಗೆ ಹೋದರೆ ವ್ಯತ್ಯಾಸ ಕಟ್ಟಿಕೊಡುವ ಪುಟ್ ಆಪ್ಷನ್ನಿಗೆ 240 ರೂಪಾಯಿ ಪ್ರೀಮಿಯಂ ಎಂದಿಟ್ಟುಕೊಳ್ಳಿ. 75ರಿಂದ ಗುಣಿಸಿದರೆ ₹18,000. ನಿಫ್ಟಿ 21,000ಕ್ಕೆ ಬಿದ್ದರೆ ನಿಮ್ಮ ಫಂಡಿನಲ್ಲಿ ಮೂರು ಲಕ್ಷ ಹೋಗುತ್ತದೆ. ಪುಟ್‌ನಿಂದ 2,750 ಅಂಕಕ್ಕೆ ₹2,06,250 ಬರುತ್ತದೆ. ಪ್ರೀಮಿಯಂ ಕಳೆದರೆ ನಿವ್ವಳ ₹1,88,250. ಒಟ್ಟು ನಷ್ಟ ₹1,11,750ಕ್ಕೆ ನಿಂತಿತು. ನಿಫ್ಟಿ 21,000 ಬಿಟ್ಟು 15,000ಕ್ಕೆ ಇಳಿದರೂ ಅದೇ ₹1,11,750, ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ. ಬೀಳದಿದ್ದರೆ ಹದಿನೆಂಟು ಸಾವಿರ ಹೋಯಿತು, ಸ್ಕೂಟರಿನ ವಿಮೆ ಹೋದ ಹಾಗೆ.

ಆ ಪುಟ್ಟನ್ನು ನೀವು ಕೊಂಡಿರಿ ಎಂದರೆ ಯಾರೋ ಮಾರಿರಬೇಕು. ಅವನಿಗೆ ಬಂದದ್ದು ₹18,000, ನಿಫ್ಟಿ 21,000ಕ್ಕೆ ಬಿದ್ದರೆ ಅವನ ಕೈಯಿಂದ ಹೋಗುವುದು ನಿವ್ವಳ ₹1,88,250. ಆ ನೀಲಿ ಪೆನ್ನಿನ ಹಾಳೆ ಮಾವನನ್ನು ಕೂರಿಸಿದ್ದು ಈ ಮಾರುವವನ ಕುರ್ಚಿಯಲ್ಲಿ. ಇಪ್ಪತ್ತು ಲಕ್ಷಕ್ಕೆ ತಿಂಗಳಿಗೆ ಶೇ 2 ಎಂದರೆ 40,000 ರೂಪಾಯಿ. ಒಂದು ಲಾಟ್ ಮೂರು ತಿಂಗಳಿಗೆ ಕೊಡುವುದು 18,000, ಅಂದರೆ ತಿಂಗಳಿಗೆ ಆರು ಸಾವಿರ. ನಲವತ್ತು ಸಾವಿರ ಆಗಬೇಕಾದರೆ ಏಳು ಲಾಟ್ ಮಾರಬೇಕು. ಏಳು ಲಾಟ್ ಎಂದರೆ ₹1.31 ಕೋಟಿಯ ಹೊಣೆ, ಇಪ್ಪತ್ತು ಲಕ್ಷದ ಬಾಂಡಿನ ಮೇಲೆ. ನಿಫ್ಟಿ 21,000ಕ್ಕೆ ಬಿದ್ದರೆ ಏಳು ಲಾಟಿನ ನಷ್ಟ ₹13,17,750.

ಈ ಸಂಖ್ಯೆ ಬರೆದು ಪೆನ್ನು ಕೆಳಗಿಟ್ಟಾಗ ಮಾವ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. “ಅಷ್ಟು ಬೀಳುತ್ತೇನೋ ಅದು?” ಅಂದರು.

ಬಿದ್ದಿದೆ. 2020ರ ಜನವರಿಯಲ್ಲಿ 12,000ಕ್ಕೂ ಮೇಲಿದ್ದ ನಿಫ್ಟಿ ಮಾರ್ಚ್ 23ಕ್ಕೆ 7,610ಕ್ಕೆ ಬಂದಿತ್ತು. ಆ ಒಂದೇ ದಿನ ಸುಮಾರು ಶೇ 13 ಕುಸಿದಿತ್ತು. ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನ, 2024ರ ಜೂನ್ 4ರಂದು, ಸುಮಾರು ಶೇ 6 ಇಳಿಯಿತು. ಮಾರುವವನು ಮೂರು ತಿಂಗಳು ಕಾದು ಆಮೇಲೆ ಲೆಕ್ಕ ನೋಡುವ ಹಾಗಿಲ್ಲ. ಬೀಳುವ ಹೊತ್ತಿಗೇ ಎಕ್ಸ್‌ಚೇಂಜು ಹೆಚ್ಚಿನ ಮಾರ್ಜಿನ್, ಅಂದರೆ ಭದ್ರತಾ ಠೇವಣಿ, ಕೇಳುತ್ತದೆ. ಅಡವಿಟ್ಟ ಬಾಂಡಿನ ಪೂರ್ತಿ ಬೆಲೆಯನ್ನು ಮಾರ್ಜಿನ್ನಿಗೆ ಹಿಡಿಯುವುದೂ ಇಲ್ಲ, ಒಂದಿಷ್ಟು ಮುರಿದುಕೊಂಡೇ ಲೆಕ್ಕ ಹಾಕುತ್ತಾರೆ. ಆದ ನಷ್ಟವನ್ನಂತೂ ನಗದಾಗಿಯೇ ತುಂಬಬೇಕು, ಬಾಂಡ್ ತೋರಿಸಿದರೆ ಸಾಲದು. ಹೊತ್ತಿಗೆ ತುಂಬದಿದ್ದರೆ ಬ್ರೋಕರ್ ವ್ಯವಹಾರ ಮುರಿದು, ಅಡವಿಟ್ಟದ್ದನ್ನು ಮಾರಿ ವಸೂಲು ಮಾಡಿಕೊಳ್ಳುತ್ತಾನೆ. ಅದಕ್ಕೆ ಅವನಿಗೆ ಹಕ್ಕಿದೆ, ನೀವೇ ಸಹಿ ಹಾಕಿ ಕೊಟ್ಟಿರುತ್ತೀರಿ. ‘ದುಡ್ಡು ಸರ್ಕಾರದ ಹತ್ರಾನೇ ಇರುತ್ತೆ’ ಎನ್ನುವ ಮಾತು ಆ ಗಳಿಗೆಯವರೆಗೆ ಮಾತ್ರ ನಿಜ.

ಇದು ಒಬ್ಬಿಬ್ಬರ ಕಥೆಯಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಅದಕ್ಕೆ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಷೇರು ಎಫ್ ಅಂಡ್ ಒ (ಫ್ಯೂಚರ್ಸ್ ಮತ್ತು ಆಪ್ಷನ್) ವಹಿವಾಟು ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ 93 ಮಂದಿ ನಷ್ಟ ಮಾಡಿಕೊಂಡರು. ಒಟ್ಟು ನಷ್ಟ ₹1.8 ಲಕ್ಷ ಕೋಟಿಗೂ ಮೇಲೆ, ತಲಾ ಸರಾಸರಿ ಸುಮಾರು ಎರಡು ಲಕ್ಷ. ನನ್ನ ಹೊಟ್ಟೆ ಉರಿಯುವುದು ಆ ಎರಡು ಲಕ್ಷಕ್ಕೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅದು ಮಗಳ ಡಿಗ್ರಿಯ ಫೀಸು. 2024ರ ನವೆಂಬರ್‌ನಿಂದ ಸೆಬಿ ಒಪ್ಪಂದದ ಕನಿಷ್ಠ ಗಾತ್ರವನ್ನು ₹15 ಲಕ್ಷಕ್ಕೆ ಏರಿಸಿತು, ವಾರಕ್ಕೊಮ್ಮೆ ತೀರುವ ಒಪ್ಪಂದಗಳನ್ನು ಎಕ್ಸ್‌ಚೇಂಜಿಗೆ ಒಂದು ಸೂಚ್ಯಂಕಕ್ಕೆ ಇಳಿಸಿತು.

ಹಾಗಾದರೆ ಪುಟ್ ಕೊಳ್ಳುವುದು ಎಲ್ಲರಿಗೂ ಒಳ್ಳೆಯದೇ? ನನ್ನ ಅಭಿಪ್ರಾಯದಲ್ಲಿ ಬಹುಪಾಲು ಮನೆಗಳಿಗೆ ಅದರ ಅಗತ್ಯವೇ ಇಲ್ಲ. ಮೂರು ತಿಂಗಳಿಗೆ 18,000 ಎಂದರೆ ವರ್ಷಕ್ಕೆ 72,000, ಹೂಡಿಕೆಯ ಸುಮಾರು ಶೇ 4. ಪ್ರತಿ ವರ್ಷ ಇಷ್ಟು ಕೊಟ್ಟರೆ ಷೇರಿನಿಂದ ಬರುವ ಲಾಭದಲ್ಲಿ ಏನು ಉಳಿದೀತು? ಷೇರು ಬಿದ್ದರೆ ನಿದ್ದೆ ಬರುವುದಿಲ್ಲ ಎನ್ನುವವರು ಒಂದಷ್ಟು ಮಾರಿ ಬಾಂಡಿಗೆ ಹಾಕುವುದು ಪುಟ್‌ಗಿಂತ ಅಗ್ಗದ ಔಷಧ. ಮಾರಲು ಆಗದೆ ಕೈಕಟ್ಟಿರುವವರಿಗೆ, ಉದಾಹರಣೆಗೆ ಲಾಕ್-ಇನ್‌ನಲ್ಲಿರುವ ಷೇರು ಇಟ್ಟುಕೊಂಡವರಿಗೆ, ಒಂದು ಗೊತ್ತಾದ ಅವಧಿಗೆ ಪುಟ್ ಅರ್ಥಪೂರ್ಣ. ಅಲ್ಲೂ ಎರಡು ತೊಡಕು. ನಿಮ್ಮ ಷೇರು ಒಂದು, ಕೊಂಡ ಪುಟ್ ನಿಫ್ಟಿಯದು ಎಂದಾದರೆ ನಿಫ್ಟಿ ನಿಂತಲ್ಲೇ ನಿಂತು ನಿಮ್ಮ ಷೇರು ಮಾತ್ರ ಬೀಳಬಹುದು. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಷೇರು ಪಡೆದ ಉದ್ಯೋಗಿಗಳಿಗೆ ಸ್ವಂತ ಕಂಪನಿಯ ಆಪ್ಷನ್ ಮುಟ್ಟಲು ಅಲ್ಲಿನ ನಿಯಮಗಳೇ ಅಡ್ಡಬರಬಹುದು, ಮೊದಲು ಕೇಳಿಕೊಳ್ಳಬೇಕು. ಜೊತೆಗೆ ಎಫ್ ಅಂಡ್ ಒ ಲಾಭನಷ್ಟವನ್ನು ಆದಾಯ ತೆರಿಗೆಯಲ್ಲಿ ವ್ಯಾಪಾರದ ಆದಾಯವೆಂದು ಹಿಡಿಯುತ್ತಾರೆ. ಒಂದೇ ಒಂದು ಪುಟ್ ಕೊಂಡ ನಿವೃತ್ತರೂ ಸಾಮಾನ್ಯವಾಗಿ ಐಟಿಆರ್-3 ತುಂಬಬೇಕಾಗುತ್ತದೆ.

ಬಾಣವನ್ನು ಸರಿ ದಿಕ್ಕಿಗೆ ತಿರುಗಿಸಿದರೆ ಹೇಗಿರುತ್ತದೆ ಎಂದು ಮಾವನಿಗೆ ತೋರಿಸಿದ್ದು ಕೊನೆಗೆ. ಹತ್ತು ಲಕ್ಷ ಇದೆ. ವರ್ಷಕ್ಕೆ ಶೇ 6 ಸಿಗುವ 364 ದಿನದ ಟ್ರೆಶರಿ ಬಿಲ್ ಎಂದುಕೊಂಡರೆ, ಕೊನೆಗೆ ಹತ್ತು ಲಕ್ಷ ಬರಲು ಇವತ್ತು ಸುಮಾರು ₹9,43,500 ಹಾಕಿದರೆ ಸಾಕು. ಉಳಿದ ₹56,500 ನಿಮ್ಮ ಸಾಹಸದ ಹಣ. ಅದರಲ್ಲಿ ಇಂಡೆಕ್ಸ್ ಫಂಡ್ ಕೊಳ್ಳಿ. ಕೈಯಲ್ಲಿ ಇನ್ನೂ ದೊಡ್ಡ ಮೊತ್ತ ಇದ್ದವರು ಆಪ್ಷನ್ ಕೊಳ್ಳಬಹುದು. ಹತ್ತು ಲಕ್ಷದವರಿಗೆ ಲಾಟಿನ ಗಾತ್ರವೇ ಅಡ್ಡ. ಆ ₹56,500 ಪೂರ್ತಿ ಕರಗಿಹೋದರೂ ವರ್ಷದ ಕೊನೆಗೆ ಹತ್ತು ಲಕ್ಷ ಕೈಯಲ್ಲಿರುತ್ತದೆ. ಬೆಲೆಯೇರಿಕೆ ಆ ಹತ್ತು ಲಕ್ಷದ ಕಸುವನ್ನು ಒಂದಿಷ್ಟು ತಿಂದಿರುತ್ತದೆ, ನಿಜ. ಆದರೆ ಕಳೆದುಕೊಂಡದ್ದು ಬಡ್ಡಿ, ಅಸಲಲ್ಲ. ‘ಅಸಲು ಸಂರಕ್ಷಿತ’ ಎಂದು ಮಾರಾಟವಾಗುವ ಮಾರ್ಕೆಟ್ ಲಿಂಕ್ಡ್ ಡಿಬೆಂಚರುಗಳ ಒಳಗೂ ಇರುವುದು ಇದೇ ಉಪಾಯ. ಅಲ್ಲಿ ನೋಡಬೇಕಾದ್ದು ಬಾಂಡಿನ ಭಾಗ ಯಾರದು ಎನ್ನುವುದನ್ನು. ಸಾಲ ಪಡೆದ ಕಂಪನಿಯೇ ಮುಳುಗಿದರೆ ಸಂರಕ್ಷಿತ ಎಂಬ ಪದ ಅಸಲನ್ನು ಕಾಯಲಾರದು.

ಆ ಹುಡುಗನಿಗೆ ಮಾವ ಫೋನು ಮಾಡಿ, ಬೇಡಪ್ಪ ಅಂದರು. ಮುಂದಿನ ವಾರ ಮೊಬೈಲಿನಲ್ಲಿ ರೀಟೇಲ್ ಡೈರೆಕ್ಟ್ ಖಾತೆ ತೆರೆಯಲು ಅವರಿಗೆ ಎರಡು ಸಂಜೆ ಹಿಡಿಯಿತು. ಓಟಿಪಿ ಬರುವಷ್ಟರಲ್ಲಿ ಪರದೆ ಆರಿಹೋಗುತ್ತಿತ್ತು. ಬುಧವಾರದ ಹರಾಜಿನಲ್ಲಿ ತಾರಸಿಯ ಬಿಲ್ಲೂ ಮದುವೆಯ ಬಿಲ್ಲೂ ಸಿಕ್ಕವು. ತಾರೀಖು ಮರೆಯಬಾರದೆಂದು ಗೋಡೆಗೆ ನೇತುಹಾಕಿದ್ದ ಒಂಟಿಕೊಪ್ಪಲ್ ಪಂಚಾಂಗ ತೆಗೆದರು. ಅದು ಯುಗಾದಿಗೇ ಮುಗಿದುಹೋಗುತ್ತಿತ್ತು. ತಾರಸಿಯ ಬಿಲ್ಲು ಏಪ್ರಿಲ್‌ನಲ್ಲಿ, ಮದುವೆಯದು ಮುಂದಿನ ಜನವರಿಯಲ್ಲಿ. ಕೊನೆಯ ಪುಟದ ಖಾಲಿ ಜಾಗದಲ್ಲಿ ಎರಡು ತಾರೀಖು ಬರೆದು, ಮೊದಲನೆಯದರ ಎದುರು ‘ತಾರಸಿ’, ಎರಡನೆಯದರ ಎದುರು ಮಗಳ ಹೆಸರು ಬರೆದರು. ಹೊಸ ಪಂಚಾಂಗ ಬಂದ ದಿನವೇ ಇದನ್ನು ಅದಕ್ಕೆ ಇಳಿಸಬೇಕು ಎಂದು ಅತ್ತೆಗೆ ಎರಡು ಸಲ ಹೇಳಿದರು.